ಆಮೆನ್ ಅನ್ನದ ಹಂಪಮ್ಮ

ಶಹಾಪುರ
21 ಫೆಬ್ರುವರಿ 1993, ರವಿವಾರ

ಚಿರಂಜೀವಿ ಮಾಳಮ್ಮಳಿಗೆ,

ಅಪ್ಪನ ಆಶೀರ್ವಾದ, ಅಳಿಯಂದಿರಿಗೆ ವಂದನೆ, ಕೂಸಿಗೆ ಮುತ್ತು. ಅದರ ಜ್ವರ ಈಗ ಹೇಗಿದೆ ಎಂಬುದನ್ನು ಮೊದಲು ಬರೆ. ಉಳಿದ ಸುದ್ದಿ ಆಮೇಲೆ.

ಪುನರುತ್ಥಾನದ ಹಬ್ಬಕ್ಕೆ ಕೂಸಿನ ದೀಕ್ಷಾಸ್ನಾನ ಇಲ್ಲೇ ಆಗಲಿ, ಅವ್ವನೇ ಎತ್ತಿಕೊಂಡು ನಿಲ್ಲಲಿ ಎಂದು ನೀನು ಬರೆದದ್ದು ಹೋದ ತಿಂಗಳು. ಉತ್ತರ ತಡವಾಯಿತು. ಕ್ಷಮಿಸು; ಆದರೆ ಕಾರಣ ಘನವಾದದ್ದು. ನಿಮ್ಮವ್ವನ ಮೇಲೆ ವಿಚಾರಣೆ ನಡೆದಿತ್ತು. ಗಾಬರಿಯಾಗಬೇಡ, ಪೊಲೀಸರದ್ದಲ್ಲ, ನಮ್ಮ ಪ್ರಾರ್ಥನಾ ಸಭೆಯದ್ದು. ಪೊಲೀಸರಾಗಿದ್ದರೆ ಚಹಾ ಕುಡಿಸಿ ಮಾತಾಡಬಹುದಿತ್ತು. ನಮ್ಮಲ್ಲಿ ಚಹಾವೂ ನಿಷಿದ್ಧ.

ಕಟ್ಟಳೆಗಳು ನಿನಗೆ ಗೊತ್ತೇ ಇವೆ. ಸಿನಿಮಾ ಇಲ್ಲ, ಚಹಾ ಇಲ್ಲ, ಹೆಂಗಸರ ತಲೆಗೆ ಹೂವಿಲ್ಲ, ಹೆಂಗಸರ ಬಾಯಿಗೆ ಪ್ರಾರ್ಥನೆ ಇಲ್ಲ. ಸಭೆಯ ಪಾಲಕರಾದ ಸಂಗಣ್ಣನವರು ಪುಸ್ತಕದ ಕನ್ನಡದಲ್ಲಿ ಪ್ರಾರ್ಥಿಸುತ್ತಾರೆ; ನಾವು ಆಮೆನ್, ಅಂದರೆ ಹಾಗೆಯೇ ಆಗಲಿ, ಅನ್ನುತ್ತೇವೆ. ಪ್ರಾರ್ಥನೆ ಉದ್ದವಾದಷ್ಟೂ ಆಮೆನ್ ಜೋರು. ಭಕ್ತಿಗಲ್ಲ, ಮುಗಿಯಿತಲ್ಲ ಎಂಬ ಸಂತೋಷಕ್ಕೆ.

ಈ ಚಳಿಗಾಲ ಸಭೆಗೆ ಮೈಕ್ ಬಂತು. ಕಾರ್ಯದರ್ಶಿಯಾದ ನಾನೇ ಯಾದಗಿರಿಗೆ ಹೋಗಿ, ಕೊಪ್ಪರಿಗೆಯಂಥ ಹಾರ್ನಿನ ಸಮೇತ ಬಸ್ಸಿನಲ್ಲಿ ಹೊತ್ತು ತಂದೆ. ಕೀರ್ತನೆಗೆ ಹೆಂಗಸರ ದನಿ ಚೆನ್ನ ಎಂದು ಮೈಕನ್ನು ಅವರ ಚಾಪೆಯ ಹತ್ತಿರ ಇಟ್ಟೆವು. ಕೀರ್ತನೆ ಮುಗಿದ ಮೇಲೆ ಅದನ್ನು ಪಾಲಕರ ಮುಂದಕ್ಕೆ ಸರಿಸುವುದು ಕಾರ್ಯದರ್ಶಿಯ ಕೆಲಸ. ಒಂದು ರವಿವಾರ ಕಾರ್ಯದರ್ಶಿ ತೂಕಡಿಸುತ್ತಿದ್ದರು.

ಕ್ಯಾನಲ್ಲಿನ ನೀರು ನಮ್ಮ ಕಡೆಗೆ ಬಿಟ್ಟಿದ್ದಾರೆಂಬ ಸುದ್ದಿ ಬಂದಿದ್ದ ವಾರ ಅದು. ಪಾಲಕರು ಕಣ್ಣು ಮುಚ್ಚಿ, ದೂರದ ಮೈಕಿಗೂ ಸಿಗುವಷ್ಟು ಗಟ್ಟಿಯಾಗಿ, "ಕರ್ತನೇ, ಈ ನೀರನ್ನು ನಿನ್ನ ಮಕ್ಕಳ ಹೊಲಗಳಿಗೆ ತುಂಬಿ ಹರಿಸು. ನಿನ್ನ ಸಭೆಗೆ ಬಾರದವರ ಹೊಲಗಳಿಗೆ ಹೋಗದಂತೆ ತಡೆ" ಎಂದು ಬೇಡಿಕೊಂಡರು. ಕಾಲುವೆಗೆ ಎಂಜಿನಿಯರು ಒಬ್ಬರಿದ್ದಾರೆಂಬುದು ಅವರಿಗೆ ಆ ಹೊತ್ತಿಗೆ ನೆನಪಿದ್ದಂತಿಲ್ಲ. ನಾವೆಲ್ಲ ಆಮೆನ್ ಅಂದೆವು. ಆಮೆನ್ ಅಡಗಿದ ಮೇಲೆ ಹಾರ್ನಿನೊಳಗಿಂದ ಒಂದು ಸಣ್ಣ ದನಿ ಬಂತು.

"ನೋಡೂಣ್ರಿ."

ಪಿಸುಮಾತೇ. ಆದರೆ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತು. ನನಗಂತೂ ದನಿಯ ಗುರುತು ಕೂಡಲೇ ಸಿಕ್ಕಿತು. ಮನೆಯಲ್ಲಿ ಹೊಸ ಅಂಗಿ ಹೊಲಿಸಬೇಕೆಂದಾಗಲೆಲ್ಲ ನನಗೆ ಸಿಗುವ ಉತ್ತರವೂ ಅದೇ, ದನಿಯೂ ಅದೇ.

ಮರುದಿನ ಬಾಷುಮಿಯಾನ ಚಹಾದಂಗಡಿಗೆ ಹೋದೆ. ಅಲ್ಲಿ ಸಭೆಯವರು ಯಾರಾದರೂ ಚಹಾ ಕುಡಿಯುತ್ತಾರೇನೋ ಎಂದು ನೋಡಲು ನಾನು ಆಗಾಗ ಹೋಗುತ್ತೇನೆ. ಸುಮ್ಮನೆ ಕೂತರೆ ಅನುಮಾನ ಬರುತ್ತದೆಂದು ಒಂದು ಕಪ್ ಕುಡಿಯುತ್ತೇನೆ.

"ಮಾಸ್ತರ," ಅಂದ, "ನಮ್ಮ ಹೊಲಕ್ಕ ನೀರ ಬರಬಾರದಂತ ನಿಮ್ಮ ಪಾಲಕರು ಅಂದ್ರು, ನಾವೂ ಕೇಳೀವಿ. ಯಾವದೋ ಹೆಣಮಗಳು ನೋಡೂಣ್ರಿ ಅಂತ ನಮ್ಮ ಕಡಿ ಮಾತಾಡ್ಯಾಳ. ಆಕಿಗೆ ನಂದೊಂದು ಸಲಾಂ ಹೇಳ್ರಿ."

"ಹೇಳ್ತೀನಿ. ಆದ್ರ ಯಾರಂತ ಗೊತ್ತಿಲ್ಲ."

"ಗೊತ್ತಿಲ್ಲಂದ್ರ ಹೆಂಗ ಹೇಳ್ತೀರಿ?"

"ನೋಡೂಣ," ಅಂದೆ. ಈ ಮಾತು ಎಷ್ಟು ಉಪಯೋಗದ್ದೆಂದು ಆಗ ತಿಳಿಯಿತು.

ದನಿ ಯಾರದೆಂಬುದು ಅಷ್ಟರಲ್ಲಿ ಪಾಲಕರಿಗೂ ಗೊತ್ತಾಗಿತ್ತು. ಶನಿವಾರ ವಿಚಾರಣೆ. ಆರೋಪವನ್ನು ಓದಿ ಹೇಳುವುದೂ ಕಾರ್ಯದರ್ಶಿಯೇ. "ತಿಮ್ಮಣ್ಣ ಮಾಸ್ತರ ಹೆಂಡತಿಯಾದ ಹಂಪಮ್ಮ ಎಂಬುವಳು..." ಎಂದು ಶುರು ಮಾಡಿದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಮುಂದಿನ ಸಾಲುಗಳನ್ನು ನಾನು ಓದಿದ್ದು ಯಾರಿಗೂ ಕೇಳಿಸಲಿಲ್ಲವಂತೆ. ತಪ್ಪು ಸಾಬೀತಾಗಿ ಅವಳು ತಿದ್ದಿಕೊಳ್ಳದಿದ್ದರೆ ಸಭೆಯಿಂದ ಹೆಸರು ತೆಗೆಯುತ್ತಾರೆ. ಹೆಸರು ಹೋದರೆ ಮೊಮ್ಮಗನನ್ನು ಎತ್ತಿಕೊಂಡು ದೀಕ್ಷಾಸ್ನಾನಕ್ಕೆ ನಿಲ್ಲುವಂತಿಲ್ಲ. ಇದು ಅವಳಿಗೂ ಗೊತ್ತಿತ್ತು.

"ಹಂಪಮ್ಮ, ಆಮೆನ್ ಅನ್ನಾಕ ನಿನಗೇನ ಕಷ್ಟ?" ಎಂದರು ಪಾಲಕರು.

"ಕಷ್ಟ ಏನಿಲ್ರಿ. ದೇವಕಮ್ಮನ ಕಾಲಬ್ಯಾನಿ ವಾಸಿಯಾಗ್ಲಿ ಅಂತ ನೀವು ಬೇಡಿಕೊಂಡ್ರಿ, ಆವಾಗ ಅಂದೀನಿ. ಜೋರಾಗೇ ಅಂದೀನಿ."

"ಮತ್ತ ಅವತ್ತ?"

"ಮಂದಿ ಹೊಲ ಒಣಗ್ಲಿ ಅಂತ ಕೇಳಿದ್ರಿ. ಹಂಗ ಆಗ್ಲಿ ಅಂತ ನನ್ನ ಬಾಯಿಂದ ಬರಲಿಲ್ರಿ. ದೇವರ ಮುಂದ ಸುಳ್ಳ ಹೇಳಬಾರದಂತ ನೀವ ಕಲಿಸೀರಿ."

"ಬ್ಯಾಡ ಅನಿಸಿದ್ರ ಸುಮ್ಮಕ ಇರಬೇಕಿತ್ತು."

"ಸುಮ್ಮಕಿದ್ರ ನಾ ಒಪ್ಪೀನಿ ಅಂತ ತಿಳಕೋತಾರ್ರಿ."

"ಯಾರು?"

"ದೇವರು. ಆಗೂದಿಲ್ಲ ಅನ್ನಾಕ ನಾ ಎಷ್ಟರಾಕಿ? ಅದಕ್ಕ ನೋಡೂಣ್ರಿ ಅಂತೀನಿ. ನಿಮಗಲ್ರಿ, ಅವರಿಗೆ."

ದೇವಕಮ್ಮನಿಗೆ ನಗು ಬಂತು. ಅದನ್ನು ಕೆಮ್ಮಾಗಿ ಬದಲಾಯಿಸಲು ಮುದುಕಿ ಪಟ್ಟ ಪಾಡು ನೋಡಲಾಗಲಿಲ್ಲ.

ಸಂಗಣ್ಣನವರು ಕೆಟ್ಟವರಲ್ಲ, ಮಾಳಮ್ಮ. ಯಾರ ಮನೆಯಲ್ಲಿ ಕಾಯಿಲೆಯಿದ್ದರೂ ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಹೋಗುವವರು. ಒಬ್ಬಳಿಗೆ ಬಿಟ್ಟರೆ ನಾಳೆ ಎಲ್ಲರೂ ತಮಗೆ ತಿಳಿದ ಹಾಗೆ ದೇವರ ಜೊತೆ ಮಾತಾಡತೊಡಗುತ್ತಾರೆ ಎಂಬುದು ಅವರ ಭಯ. ಮಾತಾಡಿದರೆ ಏನಾಗುತ್ತದೆಂದು ಕಾರ್ಯದರ್ಶಿ ಕೇಳಲಿಲ್ಲ. ತೀರ್ಪು ಬಂತು: ಹಬ್ಬದವರೆಗೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಇಲ್ಲ, ಬಾಗಿಲ ಬಳಿ ಹಿಂದಿನ ಸಾಲಿನಲ್ಲಿ ಕೂರಬೇಕು. ಅಷ್ಟರೊಳಗೆ ಎಲ್ಲರಿಗೂ ಕೇಳುವಂತೆ ಆಮೆನ್ ಅನ್ನದಿದ್ದರೆ ಹೆಸರು ಹೋಯಿತು.

"ಆತ್ರಿ," ಅಂದಳು ನಿಮ್ಮವ್ವ.

ಮನೆಗೆ ಬಂದ ಮೇಲೆ ನಾನು ಗೋಗರೆದೆ. "ಒಂದ ಮಾತು. ಅಂದ್ಬಿಡು. ಕೂಸಿನ ಸಲುವಾಗಿ." ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ, "ಕೂಸಿನ ಸಲುವಾಗೇ ಅನ್ನಂಗಿಲ್ಲ" ಎಂದಳು. ನನಗೆ ಅರ್ಥವಾಗಲಿಲ್ಲ. ಇಪ್ಪತ್ತೈದು ವರ್ಷ ಮಾಸ್ತರಿಕೆ ಮಾಡಿದವನಿಗೆ ಅರ್ಥವಾಗದಿದ್ದರೂ ತಲೆಯಾಡಿಸುವ ಅಭ್ಯಾಸವಿರುತ್ತದೆ.

ಇನ್ನು ಹಿಂದಿನ ಸಾಲಿನ ಕಥೆ. ಬಾಗಿಲ ಬಳಿ ಗಾಳಿ ಚೆನ್ನಾಗಿ ಬರುತ್ತದೆಂದು ಮೊದಲು ಕಂಡುಹಿಡಿದವಳು ದೇವಕಮ್ಮ. ಕಾಲುಬೇನೆಗೆ ಗಾಳಿ ಒಳ್ಳೆಯದಂತೆ. ಮರುವಾರ ಇನ್ನೊಬ್ಬಳಿಗೆ ಸೆಕೆ, ಮತ್ತೊಬ್ಬಳಿಗೆ ತಲೆಸುತ್ತು. ಮುಂದಿನ ಚಾಪೆ ಖಾಲಿಯಾಯಿತು, ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಪ್ರಾರ್ಥನೆಯ ಹೊತ್ತಿಗೆ ಅಲ್ಲಿಂದ ಜೇನುಗೂಡಿನಂತೆ ಸಣ್ಣ ಗುಯಿಗುಡುವಿಕೆ. ದೇವಕಮ್ಮ ತನ್ನ ಸೊಸೆಯ ವಿಚಾರವನ್ನು ದೇವರಿಗೆ ವಿವರವಾಗಿ ಹೇಳುತ್ತಿದ್ದಳು. ನಾನು ಕೇಳಿಸಿಕೊಂಡೆ, ಆದರೆ ಕಾರ್ಯದರ್ಶಿಯಾಗಿ ಅಲ್ಲ. ಈ ನಡುವೆ ಬಾಷುಮಿಯಾನ ಹೊಲಕ್ಕೂ ನೀರು ಬಂತು. ಪಾಲಕರ ಹೊಲಕ್ಕಿಂತ ಮೊದಲೇ ಬಂತು. ಅವನದು ಕಾಲುವೆಗೆ ಹತ್ತಿರ.

ಗುರುವಾರ ನಿನ್ನ ಎರಡನೆಯ ಕಾಗದ ಮುಟ್ಟಿತು, ಕೂಸಿಗೆ ಜ್ವರ ಎಂದು. ಪಾಲಕರ ಬಳಿ ಒಯ್ದೆ, ರವಿವಾರ ಸಭೆಯಲ್ಲಿ ಪ್ರಾರ್ಥಿಸಿ ಎಂದೆ. ಓದಿ ಮಡಿಚಿ ವಾಪಸು ಕೊಟ್ಟರು. "ಕಟ್ಟಳಿ ನಿಮಗ ಗೊತ್ತದ ಮಾಸ್ತರ. ದೀಕ್ಷಾಸ್ನಾನ ಆಗಬೇಕು, ಹೆಸರಿಡಬೇಕು. ಹೆಸರಿಲ್ಲದ ಕೂಸಿಗೆ ಸಭೆಯ ಪ್ರಾರ್ಥನಾ ಇಲ್ಲ."

ಆ ಮಾತನ್ನು ನಿಮ್ಮವ್ವನಿಗೆ ಹೇಳಿದೆ. ಅವಳು ನೋಡೂಣ ಅಂತಲೂ ಅನ್ನಲಿಲ್ಲ.

ಇವತ್ತು ಬೆಳಿಗ್ಗೆ ಪಾಲಕರು ಎಂದಿನಂತೆ "ನಮ್ಮ ಸಭೆಯ ಮಕ್ಕಳನ್ನು ಕಾಯಿ" ಎಂಬಲ್ಲಿಗೆ ಬಂದು ನಿಂತುಬಿಟ್ಟರು. ಮರೆತರೇನೋ ಅಂದುಕೊಂಡೆ. ಒಂದು ಕಣ್ಣು ತೆರೆದು ನೋಡಿದರೆ ಅವರು ಬಾಗಿಲ ಕಡೆ ನೋಡುತ್ತಿದ್ದರು. ಮತ್ತೆ ಕಣ್ಣು ಮುಚ್ಚಿದಾಗ ಪುಸ್ತಕದ ಕನ್ನಡ ಅವರ ಕೈಬಿಟ್ಟಿತ್ತು. "ಹೆಸರಿಲ್ಲದ ಕೂಸುಗಳನ್ನೂ ಕಾಯಪಾ. ಗುಲಬರ್ಗಾದಾಗ ಒಂದ ಕೂಸಿಗೆ ಜ್ವರ ಬಂದಾವ. ಅದರ ಮ್ಯಾಲ ಕೈ ಇಡು."

ಕಟ್ಟಳೆಯಲ್ಲಿಲ್ಲದ ಪ್ರಾರ್ಥನೆಗೆ ಆಮೆನ್ ಅನ್ನಬಹುದೋ ಬಾರದೋ ಎಂದು ಜನ ಕಾರ್ಯದರ್ಶಿಯ ಮುಖ ನೋಡಿದರು. ಕಾರ್ಯದರ್ಶಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಬಾಗಿಲಿನಿಂದ, ಮೈಕಿನ ಹಂಗಿಲ್ಲದೆ ಹಾರ್ನಿಗಿಂತ ಜೋರಾಗಿ ಬಂತು:

"ಆಮೆನ್ರಿ."

ಪಾಲಕರು ಮುಖ ಒರೆಸಿಕೊಂಡರು. "ಹಂಪಮ್ಮ ಆಮೆನ್ ಅಂದಾಳ. ಎಲ್ಲಾರೂ ಕೇಳೀರಿ. ಬರಕೋರಿ ಮಾಸ್ತರ."

"ರಿ ಹಚ್ಚಿ ಬರಕೊಳ್ಳಲೇನ್ರಿ?"

"ಹಚ್ಚೇ ಬರಕೋರಿ."

ಆದ್ದರಿಂದ ಹಬ್ಬಕ್ಕೆ ತಪ್ಪದೆ ಬಾ. ಯಾದಗಿರಿಗೆ ರೈಲಿನಲ್ಲಿ ಬಂದರೆ ಸ್ಟೇಷನ್ನಿಗೆ ನಾನು ಬರುತ್ತೇನೆ. ಕೂಸನ್ನು ಅವ್ವನೇ ಎತ್ತಿಕೊಂಡು ನಿಲ್ಲುತ್ತಾಳೆ. ನಿಮ್ಮ ಮೂವರ ಮನೆ ನಗುವಿನಿಂದಿರಲಿ, ಜ್ವರ ಇಳಿದ ಸುದ್ದಿ ಬೇಗ ಬರಲಿ.

ನಿನ್ನ ಅಪ್ಪ
ತಿಮ್ಮಣ್ಣ
(ಕಾರ್ಯದರ್ಶಿ, ಸದ್ಯಕ್ಕೆ)

ತಾ.ಕ.: ನಿನಗಿಂತ ಮೊದಲು ನಮಗೊಬ್ಬ ಮಗನಿದ್ದ. ಈ ವಿಷಯ ನಿನಗೆ ಯಾರೂ ಹೇಳಿಲ್ಲ. ಹಬ್ಬಕ್ಕೆ ಇನ್ನೂ ದಿನಗಳಿರುವಾಗಲೇ ಜ್ವರದಲ್ಲಿ ಹೋದ. ದೀಕ್ಷಾಸ್ನಾನವಾಗಿರಲಿಲ್ಲವಾದ್ದರಿಂದ ಹೆಸರಿರಲಿಲ್ಲ, ಸಭೆಯ ಮಣ್ಣಿನಲ್ಲಿ ಜಾಗವೂ ಇರಲಿಲ್ಲ. ಸ್ಮಶಾನದ ಗೋಡೆಯ ಆಚೆ ಮಣ್ಣು ಮಾಡಿದೆವು. ಆಗಿನ ಪಾಲಕರು, "ಇದು ನಿನ್ನ ಮಂದೆಗೆ ಸೇರದ ಕೂಸು, ಕರ್ತನೇ" ಅಂದರು. ನಾವೆಲ್ಲ ಆಮೆನ್ ಅಂದೆವು. ನಿಮ್ಮವ್ವ ಏನೋ ಗೊಣಗಿದಳು. ಅಳು ಎಂದುಕೊಂಡಿದ್ದೆ.

ಆ ಜಾಗದ ಪಕ್ಕದಲ್ಲೇ ಈಗ ಕ್ಯಾನಲ್ಲಿನ ಸಣ್ಣ ಕವಲು ಹರಿಯುತ್ತದೆ. ಇವತ್ತು ಸಭೆ ಬಿಟ್ಟ ಮೇಲೆ ಅವಳು ಮನೆಯ ದಾರಿ ಬಿಟ್ಟು ಆ ಕಡೆ ನಡೆದಳು. ನಾನೂ ಹಿಂದೆ ಹೋದೆ. ದಂಡೆಯ ಮೇಲೆ ನಿಂತು, "ದಾನಪ್ಪಾ" ಎಂದು ಕರೆದಳು. ಯಾರು ಬಂದರೆಂದು ನಾನು ತಿರುಗಿ ನೋಡಿದೆ. ಹುಟ್ಟಿದ ದಿನವೇ ಮಗನಿಗೆ ಆ ಹೆಸರಿಟ್ಟಿದ್ದಳಂತೆ. ದೇವರಿಗೆ ಮಾತ್ರ ಹೇಳಿದ್ದಳಂತೆ.

ಆ ಹೆಸರನ್ನೇ ಮೊಮ್ಮಗನಿಗೆ ಇಡೋಣವೇ ಎಂದು ಕೇಳಿದೆ.

"ಬ್ಯಾಡ್ರಿ. ಅದು ಅವಂದು," ಅಂದಳು. "ಮಾಳಮ್ಮಗ ಬರೀರಿ, ಹಬ್ಬದ ತನಕ ಕಾಯೂದು ಬ್ಯಾಡ. ಕಾಗದ ಮುಟ್ಟಿದ ದಿನಾನ ಕೂಸಿನ್ನ ಒಂದು ಹೆಸರ ಹಿಡದು ಕರೀಲಿ."