ಸಾಕವ್ವ ಅನ್ನೋ ಹೆಸರು

ಅಕ್ಕಾ, ನೀ ತೀರ್ಕೊಂಡು ವರ್ಷ ಆತು. ಆದ್ರೂ ನಿನ್ನ ನಂಬರಿಗೆ ವಾಯ್ಸ್ ನೋಟ್ ಮಾಡ್ತೀನಿ, ಕಳಿಸದನ ಅಳಿಸಿಬಿಡ್ತೀನಿ. ಹುಚ್ಚಾ ಅನ್ನು, ಅಡ್ಡಿಯಿಲ್ಲ.

ಇವತ್ತ ಏನಾತಂದ್ರ, ನಾನೂ ಮಗಳು ವೈಶಾಲಿನೂ ದಾದರ ಸ್ಟೇಶನ್ದಾಗ ಲೋಕಲ್ ಟ್ರೇನ್ ಕಾಯ್ಕೋತ ನಿಂತಿದ್ವಿ. ಆಕಿ ಈಗ ಏಳು ತಿಂಗಳ ಬಸುರಿ. "ಪಪ್ಪಾ, ನನಗ ಒಂದ ಕೂಸು, ಬಸ್. ಆಯಿ ಏಳು ಮಕ್ಕಳನ್ನ ಹ್ಯಾಂಗ ಸಂಭಾಳಿಸಿದ್ರು?" ಅಂದ್ಲು.

ಈ ಊರಾಗ ಹುಟ್ಟಿ ಬೆಳದಾಕಿ, ಸಾಕು ಅನ್ನೋದಕ್ಕೂ ಬಸ್ ಅಂತಾಳ. ಆಕಿ ಅನ್ನೋದು ಖರೇನ. ಅಷ್ಟು ಹಡದು, ಆಕಿ ಆಯಿ ಅಂತಾಳಲ್ಲ, ನಮ್ಮವ್ವನ ಸೊಂಟಾನ ಹೋತು. ಆದ್ರ ಏಳನೇದಾವ ನಾನ, ಅಷ್ಟು ಬ್ಯಾಡಿತ್ತು ಅಂತ ನಾ ಹ್ಯಾಂಗ ಅನ್ಲಿ?

ಐದು ಹೆಣ್ಣಿನ ಮ್ಯಾಲ ನೀ ಹುಟ್ಟಿದಿ. ಹೆಣ್ಣು ಇನ್ನ ಸಾಕಪ್ಪಾ ದೇವ್ರ ಅಂತ ನಿನಗ ಸಾಕವ್ವ ಅಂತ ಹೆಸರಿಟ್ರು. ಎಂಟು ವರ್ಷಕ್ಕ ನಾ ಹುಟ್ಟಿದೆ, ನನ್ನ ಎತ್ಕೊಳ್ಳಾಕ ನೀ ಸಾಲಿ ಬಿಟ್ಟಿ. ದೊಡ್ಡಾವ ಆದ ಮ್ಯಾಲ ಜಗಳದಾಗ ನಾನೂ ನಿನಗ "ಬ್ಯಾಡಾದಾಕಿ" ಅಂತಿದ್ದೆ.

"ಅವ್ವ ಅಲ್ಲ ಮಗಳ, ನನ್ನ ಬೆಳಸಿದಾಕಿ ನಮ್ಮಕ್ಕ, ನಿನ್ನ ಸಾಕವ್ವ ಆತ್ಯಾ" ಅಂತ ವೈಶಾಲಿಗೆ ಅಂದೆ.

"ಅಚ್ಛಾ, ನಿಮ್ಮನ್ನ ಸಾಕಿದ್ರು, ಇಸ್ಲಿಯೇ, ಅದಕ್ಕ ಸಾಕವ್ವ," ಅಂದ್ಲು. "ಮಸ್ತ್ ಹೆಸರು ಇಟ್ಟಾರ, ಪಪ್ಪಾ."

ಹೌದವಾ ಅಂದೆ. ನಿನ್ನ ಕಂಕಳಾಗ ಬೆಳದಾವ ನಾನು, ಒಂದ ದಿನಾನೂ ನನಗ ಅದು ಹೊಳೀಲಿಲ್ಲಕ್ಕಾ.