ಪಿಕರ್ಲ್ ಸಿಗದ ಕಾರು

ಲೆಯೋಬೆನ್, ಮೇ ೧೮
ಭಾನುವಾರ ಮಧ್ಯಾಹ್ನ

ನನ್ನ ಗುಡ್ರುನ್,

ಫೋನ್ ಬಿಟ್ಟು ಅಮ್ಮ ಕಾಗದ ಬರೆದಿದ್ದಾಳೆಂದರೆ ಯಾರೋ ಹೋಗಿಬಿಟ್ಟರು ಎಂದುಕೊಳ್ಳಬೇಡ. ಎಲ್ಲರೂ ಇದ್ದೇವೆ. ನಿಮ್ಮಪ್ಪ ಊಟ ಮುಗಿಸಿ ಒಳಗೆ ಗೊರಕೆ ಹೊಡೆಯುತ್ತಿದ್ದಾರೆ. ನಾನು ಫೋನ್ ಎತ್ತಿದರೆ ಸಾಕು, ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಅದಕ್ಕೇ ಈ ಕಾಗದ. ಅಕ್ಷರ ಇಷ್ಟು ಸಣ್ಣದಾಗಿರುವುದು ಬೇಕೆಂತಲೇ. ಕನ್ನಡಕ ಹಾಕಿಕೊಂಡು ಓದು.

ಜುಲೈನಲ್ಲಿ ಎಂದಿನಂತೆ ಎರಡು ವಾರ ವೈಸೆನ್‌ಸೀ ಸರೋವರಕ್ಕೆ ಹೋಗುತ್ತೇವೆ, ಬುರ್ಗಿಯ ವಸತಿಗೃಹಕ್ಕೇ. ಆದರೆ ಈ ಸಲ ಕಾರಿಲ್ಲ. ರೈಲು, ಬಸ್ಸು, ದೋಣಿ, ಮಿಕ್ಕಿದ್ದಕ್ಕೆ ಕಾಲು. ಕೇಳಿದವರಿಗೆಲ್ಲ ನಾನು ಹೇಳುತ್ತಿರುವುದು, ಕಾರಿಗೆ ಪಿಕರ್ಲ್ ಸಿಗಲಿಲ್ಲ ಎಂದು. ವರ್ಷದ ತಪಾಸಣೆಯಲ್ಲಿ ಬ್ರೇಕ್ ಕೊಳವೆ ತುಕ್ಕು ಹಿಡಿದಿದೆ ಎಂದರಂತೆ, ಗಾಜಿಗೆ ಆ ಪಾಸಾದ ಚೀಟಿ ಅಂಟಿಸಲಿಲ್ಲವಂತೆ, ರಿಪೇರಿಗೆ ಹಾಕುವ ದುಡ್ಡಿಗೆ ಬೆಲೆಯಿಲ್ಲವಂತೆ. ನಿಮ್ಮಪ್ಪ ಚಡ್ಡಿಯಲ್ಲಿ ಚರ್ಚಿನ ಪೂಜೆಗೆ ಹೋದಾರು, ಪಿಕರ್ಲ್ ಇಲ್ಲದ ಕಾರನ್ನು ರಸ್ತೆಗಿಳಿಸಲಾರರು. ನನಗೆ ಅದು ಗೊತ್ತಿತ್ತು.

ಕಾರಿಗೆ ಏನೂ ಆಗಿಲ್ಲ, ಮಗಳೇ. ನಿಮ್ಮಪ್ಪನಿಗೆ ಕಣ್ಣು ಕಾಣುತ್ತಿಲ್ಲ.

ಯಾವಾಗ ಶುರುವಾಯಿತೋ ನನಗೂ ತಿಳಿಯದು. ಸಿಗ್ನಲ್ ಬಂದಾಗಲೆಲ್ಲ ನನಗೆ ಪರೀಕ್ಷೆ ಇಡುತ್ತಿದ್ದರು. ಹೆರ್ಮಿನೆ, ಈಗ ನೀನು ಓಡಿಸ್ತಿದ್ರೆ ಏನು ಮಾಡ್ತಿದ್ದೆ, ಹೋಗ್ತಿದ್ಯಾ ನಿಲ್ಲಿಸ್ತಿದ್ಯಾ ಎಂದು ಕೇಳುವುದು. ನಾನು ಪೆದ್ದಿ, ಈ ವಯಸ್ಸಿನಲ್ಲಿ ಡ್ರೈವಿಂಗ್ ಕಲಿಸುತ್ತಿದ್ದಾರೆ ಎಂದು ಹಿಗ್ಗಿ ಉತ್ತರ ಹೇಳುತ್ತಿದ್ದೆ. ಫೆಬ್ರವರಿಯಲ್ಲಿ ಬೇಕರಿಯ ಮುಂದೆ ಒಬ್ಬ ಮುದುಕಿ ಕೈಗಾಡಿ ಎಳೆದುಕೊಂಡು ರಸ್ತೆ ದಾಟುತ್ತಿದ್ದಳು. ನಾನು ಕಿರುಚಿದೆ. ಕಾರು ಅವಳ ಕೋಟಿಗೆ ತಾಗುವಷ್ಟರಲ್ಲಿ ನಿಂತಿತು. ನಂಗೆ ಕಾಣ್ತು, ನೀನು ಅರಚಬೇಕಾಗಿರ್ಲಿಲ್ಲ ಎಂದು ನನ್ನ ಮೇಲೇ ರೇಗಿದರು. ಮನೆಗೆ ಬಂದು ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿದರು. ನಾನು ಒರೆಸಿದೆ.

ಆಮೇಲಿನ ದಿನಗಳಲ್ಲಿ ಅವರು ಕಾರು ತೆಗೆಯದಿರಲಿ ಎಂದು ನಾನು ಎಷ್ಟು ನೆಪ ಹುಡುಕಿದೆನೋ. ತಲೆನೋವು, ಮಳೆ, ನೆಂಟರು. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದರೆ ಬೇಸಿಗೆ ಕಳೆಯಲಿ ಎನ್ನುತ್ತಾರೆ. ಮುಖಕ್ಕೆ ಹೊಡೆದ ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದಿರುವ ಯಜಮಾನಿಕೆ ಕಾರು ಓಡಿಸುವುದೊಂದೇ. ಕೊನೆಗೆ ಈಸ್ಟರ್ ವಾರದಲ್ಲಿ ಬಸ್ಸು ಹತ್ತಿ ಮೆಕ್ಯಾನಿಕ್ ಕೋಫ್ಲರ್ ಹತ್ತಿರ ಹೋದೆ. ಇವರು ಕಾರನ್ನು ತಪಾಸಣೆಗೆ ತಂದಾಗ ಪಿಕರ್ಲ್ ಕೊಡಬೇಡ, ಏನಾದರೂ ಕಾರಣ ಹೇಳು ಎಂದೆ. ಅತ್ತು ಕರೆದು ಒಪ್ಪಿಸಬೇಕಾದೀತು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆ ಮನುಷ್ಯ ಯಾಕೆ ಎಂದೂ ಕೇಳಲಿಲ್ಲ. ಕೈ ಒರೆಸಿಕೊಳ್ಳುತ್ತಾ ನನ್ನನ್ನೇ ಒಂದು ಗಳಿಗೆ ನೋಡಿ, ಆಗ್ಲಿ ಬಿಡೀಮ್ಮ, ಈ ವರ್ಷ ಪಿಕರ್ಲ್ ಇಲ್ಲ ಅಂದುಬಿಟ್ಟ. ಇಷ್ಟು ಸುಲಭವೇ ಎಂದು ನನಗೇ ಸ್ವಲ್ಪ ಬೇಜಾರಾಯಿತು.

ನಿಮ್ಮಪ್ಪನೂ ಕೂಗಾಡಲಿಲ್ಲ. ಗ್ಯಾರೇಜಿನಿಂದ ನಡೆದುಕೊಂಡೇ ಬಂದು, ಬ್ರೇಕ್ ಹೋಗಿದೆಯಂತೆ ಎಂದು ಹೇಳಿ, ಸೂಪ್ ಇದೆಯೇ ಎಂದು ಕೇಳಿದರು. ನಾನು ಜಗಳಕ್ಕೆ ಟೊಂಕ ಕಟ್ಟಿ ನಿಂತಿದ್ದವಳು ಸೂಪ್ ಬಿಸಿ ಮಾಡಿದೆ. ಅವರು ರೇಗಿದ್ದರೇ ಚೆನ್ನಾಗಿತ್ತು. ಹೀಗೆ ಸುಮ್ಮನಾಗುವುದು ನೋಡಿದರೆ ನನಗೆ ಭಯವಾಗುತ್ತದೆ.

ಈಗ ಪ್ರಯಾಣದ ಏರ್ಪಾಡೆಲ್ಲ ನನ್ನ ತಲೆಯ ಮೇಲೆ. ನಿಜ ಹೇಳುತ್ತೇನೆ, ದಣಿದಿದ್ದೇನೆ. ಪೆಟ್ಟಿಗೆಗಳನ್ನು ಮುಂಚೆಯೇ ಕಳಿಸಬೇಕು, ವಿಲ್ಲಾಖ್‌ನಲ್ಲಿ ರೈಲು ಬದಲಿಸಬೇಕು, ಗ್ರೈಫೆನ್‌ಬುರ್ಗ್‌ನಲ್ಲಿ ಇಳಿದು ಗುಡ್ಡ ಹತ್ತುವ ಬಸ್ಸು ಹಿಡಿಯಬೇಕು. ಕಣಿವೆಯ ತಿರುವಿನಲ್ಲಿ ಕಾರು ನಿಲ್ಲಿಸಿ ಕರಿದ ಮಾಂಸದ ಶ್ನಿಟ್ಸೆಲ್ ತಿನ್ನುವುದು ನಮ್ಮ ಪದ್ಧತಿ ತಾನೇ, ನಿಮ್ಮಪ್ಪನಿಗೆ ಅದನ್ನು ರೈಲಿನಲ್ಲೂ ತಿನ್ನಲೇಬೇಕಂತೆ. ಡಬ್ಬಿ ಬಿಚ್ಚಿದರೆ ಬೋಗಿಯೆಲ್ಲ ನಾರುತ್ತದೆ ಎಂದರೆ, ನಾರ್ಲಿ, ಅವರಿಗೂ ಹಸಿವಾಗ್ಲಿ ಅನ್ನುತ್ತಾರೆ.

ಬುರ್ಗಿಗೆ ಫೋನ್ ಮಾಡಿದಾಗ ಮೊದಲು ಹಿಗ್ಗಿದಳು. ಕಾರಿಲ್ಲದೆ ಬರುವವರೆಂದರೆ ಅಲ್ಲಿ ಈಗ ಬಹಳ ಮರ್ಯಾದೆ, ಅವರಿಗೆ ದೋಣಿಯೂ ಪುಕ್ಕಟೆಯಂತೆ. ಆಮೇಲೆ ದನಿ ತಗ್ಗಿಸಿ, ವಾಲ್‌ನಟ್ ಮರದ ಕೆಳಗಿನ ಜಾಗ ಏನು ಮಾಡಲಿ ಎಂದು ಕೇಳಿದಳು. ಪ್ರತಿ ವರ್ಷ ನಾವು ಬರುವ ದಿನ ಬೆಳಿಗ್ಗೆಯೇ ಅವಳು ಅಲ್ಲಿ ಕುರ್ಚಿ ಇಟ್ಟು, ನಮ್ಮ ಕಾರಿಗೆಂದು ಕಾಯ್ದಿಡುತ್ತಾಳಲ್ಲ. ನಿಮ್ಮಪ್ಪ ಫೋನ್ ಕಿತ್ತುಕೊಂಡು, ಕುರ್ಚಿ ಇಡು ಬುರ್ಗಿ, ಈ ಸಲ ನಾನೇ ಕೂತ್ಕೋತೀನಿ ಎಂದರು. ಬುರ್ಗಿ ನಕ್ಕಳು. ನಾನು ಅಡುಗೆಮನೆಗೆ ಹೋದೆ.

ಈಗ ನಿನ್ನಿಂದ ಆಗಬೇಕಾದ ಕೆಲಸ. ನೀನೂ ಕಾರು ತರಬೇಡ. ಲಿಂಟ್ಸ್‌ನಿಂದ ರೈಲಿನಲ್ಲೇ ವಿಲ್ಲಾಖ್‌ಗೆ ಬಾ, ಅಲ್ಲಿಂದ ಮೂವರೂ ಜೊತೆಗೆ ಹೋಗೋಣ. ನೀನು ಹಾಗೇ ಬರುತ್ತೀಯೆಂದು ನಿಮ್ಮಪ್ಪನಿಗೆ ಆಗಲೇ ಹೇಳಿಬಿಟ್ಟಿದ್ದೇನೆ. ನಿನ್ನ ಕಾರು ಅಂಗಳದಲ್ಲಿ ನಿಂತಿದ್ದರೆ, ಚರ್ಚಿನವರೆಗೆ ಒಂದೇ ಒಂದು ಸುತ್ತು ಎಂದು ಕೀಲಿಗೆ ಕೈ ಚಾಚುತ್ತಾರೆ. ನೀನು ಇಲ್ಲ ಅನ್ನಲಾರೆ, ಚಿಕ್ಕಂದಿನಿಂದಲೂ ಅವರಿಗೆ ನೀನು ಇಲ್ಲ ಅಂದವಳಲ್ಲ. ಆ ರಸ್ತೆಯ ತುಂಬ ಸೈಕಲ್ ತುಳಿಯುವ ಮಕ್ಕಳು. ಅಲ್ಲಿ ಕಿರುಚಲು ನಾನು ಪಕ್ಕದಲ್ಲಿ ಇಲ್ಲದೆ ಹೋದರೆ? ಕೆಲಸ ಇದೆ, ಕಾರಿದ್ದರೆ ಅನುಕೂಲ ಎಂದೆಲ್ಲ ಹೇಳಬೇಡ. ಈ ಎರಡು ವಾರ ನನಗೆ ಕೊಡು. ಬೇಸಿಗೆ ಕಳೆದ ಮೇಲೆ ಡಾಕ್ಟರ ಹತ್ತಿರ ನಾನೇ ಎಳೆದುಕೊಂಡು ಹೋಗುತ್ತೇನೆ.

ಕೋಫ್ಲರ್ ವಿಷಯ ಮಾತ್ರ ನಿಮ್ಮಪ್ಪನ ಮುಂದೆ ಉಸಿರೆತ್ತಬೇಡ. ಸೋತದ್ದು ಕಾರು ಎಂದುಕೊಂಡೇ ಅವರಿರಲಿ.

ಗೊರಕೆ ನಿಂತಿತು. ಲಕೋಟೆಯ ಅಂಟಿನ ರುಚಿ ನನಗಾಗದು, ನೆಕ್ಕಿ ಅಂಟಿಸಿ ಅಂಚೆ ಡಬ್ಬಕ್ಕೆ ಹಾಕುವುದು ಯಾವತ್ತಿನಂತೆ ಅವರ ಕೆಲಸ. ತೆರೆದು ನೋಡಿದರೂ ಈ ಇರುವೆ ಸಾಲು ಅವರಿಗೆ ಓದಲಾಗದು ಎಂಬ ಧೈರ್ಯವಿದೆ.

ಕಾಲು ಚಾಚಿ ಕೂರಲು ಕಾಯುತ್ತಿರುವ,
ನಿನ್ನ ಅಮ್ಮ
ಹೆರ್ಮಿನೆ

ಮರೆತ ಮಾತು: ಛತ್ರಿ ತಾ. ಅಲ್ಲಿನ ಆಕಾಶವನ್ನು ನಂಬಬಾರದು.

ಮಗಳೇ,

ಇದು ನಾನು, ಅಪ್ಪ. ಸಾಲು ಓರೆಯಾಗಿದ್ದರೆ, ಅಕ್ಷರ ದಪ್ಪವಾಗಿದ್ದರೆ ನಗಬೇಡ. ಅಂಟಿಸುವ ಮೊದಲು ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಅಮ್ಮ ಏನು ಬರೆದಿದ್ದಾಳೋ ನನಗೆ ಓದಲಾಗುವುದಿಲ್ಲ. ಕಾರಿಗೆ ಪಿಕರ್ಲ್ ಸಿಗಲಿಲ್ಲ ಎಂದು ಮರುಗಿರುತ್ತಾಳೆ. ಕಾರು ಚೆನ್ನಾಗಿದೆ. ಬೇಕರಿಯ ಮುಂದೆ ಒಬ್ಬ ಹೆಂಗಸು ಇದ್ದಳು, ನನಗೆ ಕಾಣಲೇ ಇಲ್ಲ. ಅಮ್ಮ ಕಿರುಚಿದ್ದಕ್ಕೆ ಬ್ರೇಕ್ ಒತ್ತಿದೆ. ಮಾರನೆಯ ದಿನವೇ ಕೋಫ್ಲರ್ ಹತ್ತಿರ ಹೋಗಿ, ಈ ಸಲ ಪಿಕರ್ಲ್ ಕೊಡಬೇಡ ಎಂದು ಹೇಳಿಬಂದೆ. ಅಮ್ಮನಿಗೆ ಹೇಳಬೇಡ, ಹೆದರಿಬಿಡುತ್ತಾಳೆ. ನನ್ನ ಪಕ್ಕ ಕೂತು ಕಾರಿನಲ್ಲಿ ಹೋಗುವುದೆಂದರೆ ಅವಳಿಗೆ ಪ್ರಾಣ.

ವಿಲ್ಲಾಖ್‌ನಿಂದ ಮುಂದೆ ಕಿಟಕಿಯ ಸೀಟು ಅವಳಿಗೆ ಬಿಡು. ನೀನು ಎದುರಿಗೆ ಕೂತು, ಹೊರಗೆ ಏನೇನು ಕಾಣುತ್ತದೆ ಎಂದು ಜೋರಾಗಿ ಹೇಳುತ್ತಿರು. ಅವಳಿಗೆ ಹೇಳುವ ಹಾಗೆ ಹೇಳು. ನಾನು ಕೇಳಿಸಿಕೊಳ್ಳುತ್ತೇನೆ.