ಒಂದು ಸಾಲನ್ನೂ ಹೊಡೆದಿರಲಿಲ್ಲ

ಮಾರ್ಚ್ ೧೪, ಗುರುವಾರ

ಅಪ್ಪನ ಥ್ರಿಲ್ಲರ್ ಕಾದಂಬರಿ ಇವತ್ತು ಅವರ ಹಳೆಯ ಕಚೇರಿಯಿಂದ ವಾಪಸ್ ಬಂತು. ಸೇನೆಯ ಗುಪ್ತಚರ ವಿಭಾಗದಿಂದ ನಿವೃತ್ತರಾದವರು ಕತೆ ಬರೆದರೂ ಮೊದಲು ಅಲ್ಲಿಗೆ ಕಳಿಸಬೇಕು. ಹೇಳಬಾರದ್ದನ್ನು ಅಲ್ಲಿಯವರು ಕಪ್ಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆ. ಅಪ್ಪ ಐದು ತಿಂಗಳು ಅಂಚೆಯವನ ದಾರಿ ಕಾದಿದ್ದರು.

ಊಟದ ಮೇಜಿನ ಮೇಲೆ ನಾನೂರು ಪುಟಗಳನ್ನೂ ಒಂದೊಂದಾಗಿ ಮಗುಚಿದರು. ಎಲ್ಲೂ ಒಂದು ಗೆರೆಯಿಲ್ಲ. ಕೊನೆಯಲ್ಲಿ ‘ಆಕ್ಷೇಪಣೆ ಇಲ್ಲ’ ಎಂಬ ಮುದ್ರೆ ಮಾತ್ರ.

ನನ್ನ ನಾಲಿಗೆ ಸುಮ್ಮನಿರಲಿಲ್ಲ. “ಹಾಗಾದ್ರೆ ಬರೀ ಬುರುಡೆ ಬಿಟ್ಟಿದ್ದೀರಿ ಅಂತಾಯ್ತು, ಅಪ್ಪ.”

“ಇಲ್ಲ ಕಣೇ,” ಅಂದರು. “ಹೆಸರು ಬಿಟ್ರೆ ಎಲ್ಲಾ ನಿಜ. ಈಗ ಅದು ಯಾರಿಗೂ ಬೇಡ, ಅಷ್ಟೆ.”

ಈ ಗುಟ್ಟುಗಳಿಗಾಗಿಯೇ ಅವರು ನಮ್ಮೆದುರು ಬಾಯಿ ಬಿಡದೆ ಬದುಕಿದ್ದು. ಎಲ್ಲಿಗೆ ಹೊರಟಿರಿ ಎಂದು ಅಮ್ಮ ಸಾಯುವವರೆಗೂ ಕೇಳಿದಳು. ಪ್ರಭುತ್ವದ ಗೂಢಚಾರರ ವಿರುದ್ಧ ನಾನು ಓದಿದ ಕರಪತ್ರಗಳೆಲ್ಲ ನನಗೆ ಬಾಯಿಪಾಠ. ನಮ್ಮ ಹೋರಾಟದ ಗುಂಪಿಗಾಗಿ ನಾನೇ ಎರಡು ಬರೆದು ಹಂಚಿದ್ದೇನೆ. ಅಪ್ಪನ ಎದೆಯಲ್ಲಿ ಏನೋ ಭಯಂಕರವಾದದ್ದು ಇದೆಯೆಂದು ನಂಬಿಯೇ ಇಷ್ಟು ವರ್ಷ ಅವರನ್ನು ದ್ವೇಷಿಸಿದೆ. ಇದ್ದದ್ದು ಯಾರಿಗೂ ಬೇಡದ ಹಳೆಯ ಸಂಗತಿ. ಅದಕ್ಕಾಗಿ ನಾವು ಮೂವರೂ ಒಂದೇ ಮನೆಯಲ್ಲಿ ಒಬ್ಬೊಬ್ಬರೇ ಇದ್ದೆವು.

“ನೀನಾದ್ರೂ ಓದ್ತೀಯಾ?” ಎಂದು ಕೇಳಿದರು.

“ನಾಳೆ ಸಭೆ ಇದೆ,” ಅಂದೆ.

ಸುಳ್ಳು. ನಮ್ಮ ಗುಂಪು ಒಡೆದು ಎರಡು ತಿಂಗಳಾಯಿತು. ಆಮೇಲೆ ಕರೆದ ಮೂರು ಸಭೆಗಳಿಗೂ ಹೋದವಳು ನಾನೊಬ್ಬಳೇ. ಅದನ್ನು ನಾನೂ ಅಪ್ಪನಿಗೆ ಹೇಳಿಲ್ಲ.

ಅವರ ಕೋಣೆಯಲ್ಲಿ ಇನ್ನೂ ದೀಪ ಉರಿಯುತ್ತಿದೆ. ಹೇಳಿಬಿಡೋಣವೆಂದು ಎರಡು ಸಲ ಎದ್ದೆ, ಬಾಗಿಲವರೆಗೂ ಹೋಗಿ ವಾಪಸ್ ಬಂದೆ.